ಬೂರ್ಗುಲ ರಾಮಕೃಷ್ಣರಾವ್

ನಾರಾಯಣಪೇಟೆಯ ಅಂಗಡಿ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಸೀರೆ ಅಂಗಡಿಯವರು ತೆಲುಗಿನಲ್ಲಿ ಬೆಲೆ ಹೇಳುತ್ತಾರೆ. ಕೊಳ್ಳಲು ಬಂದವರು ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಪಕ್ಕದಲ್ಲೇ ಉರ್ದು, ಮರಾಠಿ ಮಾತುಗಳೂ ಕೇಳಿಬರುತ್ತವೆ. ಮಕ್ತಲ್ ಮತ್ತು ಗದ್ವಾಲ್‌ಗಳಲ್ಲೂ ಕನ್ನಡ, ತೆಲುಗು ಎರಡೂ ಬಲ್ಲ ಮನೆಗಳಿವೆ. ಹೀಗೆ ಹಲವು ಭಾಷೆಯ ಜನ ಒಂದೇ ರಾಜ್ಯದಲ್ಲಿದ್ದರೆ, ಆ ರಾಜ್ಯದ ಮಂತ್ರಿಗಳು ಯಾವ ಕಡೆಯವರಾಗಿರಬೇಕು? ಎಲ್ಲರಿಗೂ ಪಾಲು ಸಿಗುವುದು ಹೇಗೆ? ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿದವರು ಬೂರ್ಗುಲ ರಾಮಕೃಷ್ಣರಾವ್.

ಇವರು 1899ನೆಯ ಇಸವಿ ಮಾರ್ಚ್ 13ರಂದು ಅಂದಿನ ಮಹಬೂಬ್‌ನಗರ ಜಿಲ್ಲೆಯ ಪಡಕಲ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ನರಸಿಂಗರಾವ್, ತಾಯಿ ರಂಗನಾಯಕಮ್ಮ. ಷಾದ್‌ನಗರದ ಹತ್ತಿರದ ಬೂರ್ಗುಲ ಎಂಬ ಊರಿನ ಹೆಸರೇ ಅವರ ಮನೆತನದ ಹೆಸರಾಯಿತು. ಆಗ ಈ ಪ್ರದೇಶವೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು.

ರಾಮಕೃಷ್ಣರಾವ್ ಹೈದರಾಬಾದಿನ ಶಾಲೆಗಳಲ್ಲಿ ಓದಿದರು. ಮುಂದೆ ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಪದವಿ ಪಡೆದರು. ಮುಂಬಯಿ ವಿಶ್ವವಿದ್ಯಾಲಯದಿಂದ ಕಾನೂನು ಪದವಿಯನ್ನೂ ಪಡೆದು ಹೈದರಾಬಾದಿನಲ್ಲಿ ವಕೀಲರಾದರು. ಮುಂದೆ ನಮ್ಮ ದೇಶದ ಪ್ರಧಾನಮಂತ್ರಿಯಾದ ಪಿ. ವಿ. ನರಸಿಂಹರಾವ್ ಇವರ ಬಳಿ ಕಿರಿಯ ವಕೀಲರಾಗಿ ಕೆಲಸ ಕಲಿತರು.

ಭಾಷೆಗಳೆಂದರೆ ರಾಮಕೃಷ್ಣರಾಯರಿಗೆ ಬಹಳ ಪ್ರೀತಿ. ತೆಲುಗು, ಕನ್ನಡ, ಮರಾಠಿ, ಉರ್ದು, ಪಾರಸಿ, ಸಂಸ್ಕೃತ, ಇಂಗ್ಲಿಷ್ ಭಾಷೆಗಳನ್ನು ಅವರು ಬಲ್ಲವರಾಗಿದ್ದರು. ಸಂಸ್ಕೃತದ ಸೌಂದರ್ಯಲಹರಿಯನ್ನು ತೆಲುಗಿಗೆ ಅನುವಾದಿಸಿದರು. ಬೇರೆಯವರ ಭಾಷೆ ಬಲ್ಲವನಿಗೆ ಬೇರೆಯವರ ಕಷ್ಟವೂ ಬೇಗ ತಿಳಿಯುತ್ತದೆ. ಈ ಗುಣ ಅವರಿಗೆ ಮುಂದೆ ಬಹಳ ಉಪಯೋಗಕ್ಕೆ ಬಂತು.

ಆ ಕಾಲದಲ್ಲಿ ಸಂಸ್ಥಾನದ ಜನರಿಗೆ ತಮ್ಮನ್ನು ಆಳುವವರನ್ನು ಆರಿಸುವ ಹಕ್ಕು ಇರಲಿಲ್ಲ. ಜನರಲ್ಲಿ ತಿಳಿವಳಿಕೆ ಮೂಡಿಸಲು ಆಂಧ್ರ ಮಹಾಸಭೆ ಹುಟ್ಟಿತು. 1931ರಲ್ಲಿ ದೇವರಕೊಂಡದಲ್ಲಿ ಸೇರಿದ ಅದರ ಎರಡನೆಯ ಅಧಿವೇಶನಕ್ಕೆ ರಾಮಕೃಷ್ಣರಾವ್ ಅಧ್ಯಕ್ಷರಾದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳುಗಳಲ್ಲಿ ಅವರೂ ಒಬ್ಬರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆ ಸೇರಿದರು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಡನೆ ಸೇರಿತು. 1950ರಲ್ಲಿ ಎಂ. ಕೆ. ವೆಲ್ಲೋಡಿ ಎಂಬ ಅಧಿಕಾರಿ ಮುಖ್ಯಮಂತ್ರಿಯಾಗಿದ್ದರು. ಅವರ ಮಂತ್ರಿಮಂಡಲದಲ್ಲಿ ಅಧಿಕಾರಿಗಳೂ ಇದ್ದರು, ಕಾಂಗ್ರೆಸ್ ಪಕ್ಷದ ನಾಯಕರೂ ಇದ್ದರು. ರಾಮಕೃಷ್ಣರಾವ್ ಅದರಲ್ಲಿ ಕಂದಾಯ ಮಂತ್ರಿಯಾದರು. ಬೇರೆಯವರ ಹೊಲ ಉಳುವ ರೈತರಿಗೆ ರಕ್ಷಣೆ ಕೊಡುವ ಗೇಣಿ ಕಾಯ್ದೆ ಜಾರಿಗೆ ಬಂದದ್ದು ಆ ವರ್ಷವೇ.

1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 93 ಬಂದವು. ಷಾದ್‌ನಗರದಿಂದ ಗೆದ್ದ ರಾಮಕೃಷ್ಣರಾವ್ ಆ ವರ್ಷದ ಮಾರ್ಚ್ 6ರಂದು ಮುಖ್ಯಮಂತ್ರಿಯಾದರು. ಜನರು ಮತ ಹಾಕಿ ಆರಿಸಿದ ಸಭೆಯಿಂದ ಬಂದ ಹೈದರಾಬಾದಿನ ಮೊದಲ ಮುಖ್ಯಮಂತ್ರಿ ಅವರು.

ಈಗ ಮಂತ್ರಿಮಂಡಲ ರಚಿಸಬೇಕು. ಹೈದರಾಬಾದ್ ರಾಜ್ಯ ಮೂರು ಭಾಷೆಗಳ ನಾಡು. ತೆಲುಗಿನ ಎಂಟು ಜಿಲ್ಲೆಗಳು, ಮರಾಠಿಯ ಐದು, ಕನ್ನಡದ ಬೀದರ್, ಗುಲಬರ್ಗಾ, ರಾಯಚೂರು ಎಂಬ ಮೂರು ಜಿಲ್ಲೆಗಳು ಅದರಲ್ಲಿದ್ದವು. ನಮ್ಮ ಗದ್ವಾಲ್ ತಾಲೂಕು ಆಗ ರಾಯಚೂರು ಜಿಲ್ಲೆಯಲ್ಲಿತ್ತು. ತೆಲುಗರೇ ಹೆಚ್ಚು ಮಂದಿ ಇದ್ದಾರೆಂದು ಮಂತ್ರಿ ಪದವಿಗಳನ್ನೆಲ್ಲ ಅವರಿಗೇ ಕೊಟ್ಟಿದ್ದರೆ ಉಳಿದವರಿಗೆ ಬೇಸರವಾಗುತ್ತಿತ್ತು. ರಾಮಕೃಷ್ಣರಾಯರ ಮಂತ್ರಿಮಂಡಲದಲ್ಲಿ ಎಲ್ಲ ಕಡೆಯವರೂ ಇದ್ದರು. ತೆಲುಗು ಭಾಗದ ಕೆ. ವಿ. ರಂಗಾರೆಡ್ಡಿ, ಮರ್ರಿ ಚೆನ್ನಾರೆಡ್ಡಿ ಇದ್ದರು. ಮರಾಠಿ ಭಾಗದ ದಿಗಂಬರರಾವ್ ಬಿಂದು ಗೃಹ ಮಂತ್ರಿಯಾಗಿದ್ದರು. ಕನ್ನಡ ಭಾಗದಿಂದ ಅಣ್ಣಾರಾವ್ ಗಣಮುಖಿ, ಜಗನ್ನಾಥರಾವ್ ಚಂಡರಕಿ ಇದ್ದರು. ಹೈದರಾಬಾದ್ ನಗರದ ಮೆಹದಿ ನವಾಜ್ ಜಂಗ್ ಇದ್ದರು. ಪಕ್ಷ ಒಂದೇ ಆದರೂ ಭಾಷೆಗಳು ಹಲವು.

ಮಕ್ಕಳೇ, ನೀವು ಕೃಷ್ಣಾ ನದಿಯನ್ನು ನೋಡಿರಬಹುದು. ಅದು ಕರ್ನಾಟಕದಿಂದ ಹರಿದು ಬಂದು ಮಕ್ತಲ್ ಕಡೆಯಿಂದಲೇ ತೆಲಂಗಾಣವನ್ನು ಸೇರುತ್ತದೆ. ಅದೇ ನದಿಗೆ ಕಟ್ಟಿದ ನಾಗಾರ್ಜುನಸಾಗರ ಅಣೆಕಟ್ಟಿಗೆ 1955ರ ಡಿಸೆಂಬರ್ 10ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದರು. ಆಗ ಹೈದರಾಬಾದಿನ ಮುಖ್ಯಮಂತ್ರಿ ರಾಮಕೃಷ್ಣರಾಯರೇ.

ಅಷ್ಟರಲ್ಲಿ ಭಾಷೆಗೊಂದು ರಾಜ್ಯ ಬೇಕೆಂಬ ಕೂಗು ದೇಶದಲ್ಲೆಲ್ಲ ಎದ್ದಿತ್ತು. ಹೈದರಾಬಾದ್ ರಾಜ್ಯವನ್ನು ಮೂರು ಭಾಗ ಮಾಡಿ ನೆರೆಯ ರಾಜ್ಯಗಳಿಗೆ ಸೇರಿಸುವುದೆಂದಾಯಿತು. ತೆಲಂಗಾಣವು ಆಂಧ್ರದೊಡನೆ ಸೇರಬೇಕು. ಆದರೆ ಇಲ್ಲಿಯ ಅನೇಕರಿಗೆ ಅಳುಕು. ಆಂಧ್ರದವರು ಸಂಖ್ಯೆಯಲ್ಲಿ ಹೆಚ್ಚು. ಓದಿನಲ್ಲೂ ಮುಂದಿದ್ದರು. ಹೊಸ ಸರ್ಕಾರದಲ್ಲಿ ನಮ್ಮ ಮಾತು ನಡೆದೀತೇ ಎಂದು ಇಲ್ಲಿಯವರು ಚಿಂತಿಸಿದರು.

1956ರ ಫೆಬ್ರವರಿ 20ರಂದು ಎರಡೂ ಕಡೆಯ ನಾಯಕರು ದೆಹಲಿಯಲ್ಲಿ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಇದಕ್ಕೆ ದೊಡ್ಡ ಮನುಷ್ಯರ ಒಪ್ಪಂದ ಎಂದು ಹೆಸರು. ತೆಲಂಗಾಣದ ಪರವಾಗಿ ಸಹಿ ಹಾಕಿದ ನಾಲ್ವರಲ್ಲಿ ರಾಮಕೃಷ್ಣರಾವ್ ಒಬ್ಬರು. ಅದರಂತೆ ಹತ್ತು ಮಂದಿ ಮಂತ್ರಿಗಳಿದ್ದರೆ ಆರು ಮಂದಿ ಆಂಧ್ರದವರು, ನಾಲ್ವರು ತೆಲಂಗಾಣದವರು. ಆ ನಾಲ್ವರಲ್ಲಿ ಒಬ್ಬರು ಮುಸ್ಲಿಮರು. ಮುಖ್ಯಮಂತ್ರಿ ಒಂದು ಕಡೆಯವರಾದರೆ ಉಪಮುಖ್ಯಮಂತ್ರಿ ಇನ್ನೊಂದು ಕಡೆಯವರು. ಗೃಹ, ಹಣಕಾಸು, ಕಂದಾಯ, ಯೋಜನೆ, ಕೈಗಾರಿಕೆ ಎಂಬ ಐದು ಮುಖ್ಯ ಖಾತೆಗಳಲ್ಲಿ ಎರಡು ತೆಲಂಗಾಣಕ್ಕೆ. ಮಂತ್ರಿಗಳು ಎಷ್ಟು ಮಂದಿ ಎಂಬುದಷ್ಟೇ ಅಲ್ಲ, ಯಾರ ಕೈಯಲ್ಲಿ ಯಾವ ಕೆಲಸ ಎಂಬುದೂ ಮುಖ್ಯವೆಂದು ಆ ನಾಯಕರಿಗೆ ಗೊತ್ತಿತ್ತು.

1956ರ ನವೆಂಬರ್ 1ರಂದು ಹೊಸ ಆಂಧ್ರಪ್ರದೇಶ ಹುಟ್ಟಿತು. ಗದ್ವಾಲ್ ರಾಯಚೂರಿನಿಂದ ಬಿಟ್ಟು ಆಂಧ್ರಪ್ರದೇಶಕ್ಕೆ ಸೇರಿತು. ರಾಯಚೂರು, ಗುಲಬರ್ಗಾ ಮೈಸೂರು ರಾಜ್ಯಕ್ಕೆ ಹೋದವು. ರಾಮಕೃಷ್ಣರಾವ್ ತಮ್ಮ ಪದವಿಯನ್ನು ಬಿಟ್ಟುಕೊಟ್ಟರು. ನೀಲಂ ಸಂಜೀವರೆಡ್ಡಿ ಹೊಸ ರಾಜ್ಯದ ಮುಖ್ಯಮಂತ್ರಿಯಾದರು. ಆದರೆ ಅವರ ಮೊದಲ ಮಂತ್ರಿಮಂಡಲದಲ್ಲಿ ಉಪಮುಖ್ಯಮಂತ್ರಿಯೇ ಇರಲಿಲ್ಲ. ಬರೆದುಕೊಂಡ ಮಾತು ಮೊದಲ ದಿನವೇ ತಪ್ಪಿತೆಂದು ತೆಲಂಗಾಣದವರಿಗೆ ನೋವಾಯಿತು. ಆ ನೋವು 1969ರಲ್ಲಿ ದೊಡ್ಡ ಚಳವಳಿಯಾಯಿತು.

ರಾಮಕೃಷ್ಣರಾವ್ ಕೇರಳದ ರಾಜ್ಯಪಾಲರಾಗಿ ಹೋದರು. ಕನ್ನಡಿಗರು ವಾಸಿಸುವ ಕಾಸರಗೋಡು ಆಗತಾನೇ ಕೇರಳಕ್ಕೆ ಸೇರಿತ್ತು. ಅಲ್ಲಿ 1957ರಲ್ಲಿ ಇ. ಎಂ. ಎಸ್. ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರ ಬಂತು. 1959ರಲ್ಲಿ ಅದರ ವಿರುದ್ಧ ಚಳವಳಿ ನಡೆಯಿತು. ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು, ಜುಲೈ 31ರಂದು ಆ ಸರ್ಕಾರವನ್ನು ತೆಗೆದುಹಾಕಲಾಯಿತು. ಆ ತೀರ್ಮಾನ ಸರಿಯೇ ಎಂದು ಇಂದಿಗೂ ಚರ್ಚೆ ಮಾಡುತ್ತಾರೆ.

1960ರಲ್ಲಿ ಅಲ್ಲಿ ಮತ್ತೆ ಚುನಾವಣೆ ನಡೆಯಿತು. 126 ಸ್ಥಾನಗಳಲ್ಲಿ ಬಹುಮತಕ್ಕೆ 64 ಬೇಕು. ಕಾಂಗ್ರೆಸ್ಸಿಗೆ ಬಂದದ್ದು 63. ಒಂದೇ ಒಂದು ಕಡಿಮೆ! ಅದರ ಜೊತೆಗಿದ್ದ ಪ್ರಜಾ ಸೋಷಲಿಸ್ಟ್ ಪಕ್ಷಕ್ಕೆ 20, ಮುಸ್ಲಿಂ ಲೀಗಿಗೆ 11 ಬಂದಿದ್ದವು. ಒಂದಕ್ಕಿಂತ ಹೆಚ್ಚು ಪಕ್ಷಗಳು ಸೇರಿ ನಡೆಸುವ ಸರ್ಕಾರಕ್ಕೆ ಸಮ್ಮಿಶ್ರ ಸರ್ಕಾರ ಎನ್ನುತ್ತಾರೆ. ಕೇರಳದಲ್ಲಿ ಅಂಥ ಸರ್ಕಾರವೇ ಬಂತು. ಸಣ್ಣ ಪಕ್ಷದ ಪಟ್ಟಂ ತಾನು ಪಿಳ್ಳೈ ಮುಖ್ಯಮಂತ್ರಿಯಾದರು. ದೊಡ್ಡ ಪಕ್ಷದ ಆರ್. ಶಂಕರ್ ಉಪಮುಖ್ಯಮಂತ್ರಿಯಾದರು. ಹನ್ನೊಂದು ಮಂತ್ರಿಗಳಲ್ಲಿ ಎಂಟು ಮಂದಿ ಕಾಂಗ್ರೆಸ್ಸಿನವರು, ಮೂವರು ಸೋಷಲಿಸ್ಟರು. ಲೀಗಿಗೆ ಮಂತ್ರಿ ಪದವಿ ಸಿಗಲಿಲ್ಲ, ಸಭಾಧ್ಯಕ್ಷ ಪದವಿ ಸಿಕ್ಕಿತು. ತಮ್ಮ ರಾಜ್ಯದಲ್ಲಿ ಭಾಷೆಗಳನ್ನು ಕೂಡಿಸಿದ್ದ ರಾಮಕೃಷ್ಣರಾವ್, ಅಲ್ಲಿ ಪಕ್ಷಗಳು ಕೂಡಿದ್ದನ್ನು ರಾಜ್ಯಪಾಲರಾಗಿ ಕಂಡರು.

ಅದೇ ವರ್ಷ ಅವರು ಉತ್ತರಪ್ರದೇಶದ ರಾಜ್ಯಪಾಲರಾದರು. ಬಳಿಕ 1962ರಿಂದ 1966ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1967ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

2014ರ ಜೂನ್ 2ರಂದು ತೆಲಂಗಾಣ ಬೇರೆ ರಾಜ್ಯವಾಯಿತು. ಇದರ ವಿಧಾನಸಭೆಯಲ್ಲಿ 119 ಸ್ಥಾನಗಳಿವೆ. ಕಾನೂನಿನ ಮಿತಿಯಂತೆ ಮುಖ್ಯಮಂತ್ರಿ ಸೇರಿ 18 ಮಂತ್ರಿಗಳಿರಬಹುದು. ಹೊಸ ಮಂತ್ರಿಗಳು ಪ್ರಮಾಣವಚನ ಸ್ವೀಕರಿಸುವ ದಿನ ನಿಮ್ಮ ಮನೆಯ ಹಿರಿಯರು ಪತ್ರಿಕೆ ಬಿಡಿಸಿ, ನಮ್ಮ ಕಡೆಯವರು ಯಾರಿದ್ದಾರೆ ಎಂದು ಹುಡುಕುತ್ತಾರೆ. ಹಾಗೆ ಹುಡುಕುವುದು ತಪ್ಪಲ್ಲ. ಆದರೆ ಕೊಟ್ಟ ಪಾಲನ್ನು ಎಲ್ಲರಿಗಾಗಿ ಬಳಸಬೇಕು, ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು. ರಾಮಕೃಷ್ಣರಾಯರ ಬಾಳಿನಿಂದ ನಾವು ಕಲಿಯಬೇಕಾದ ಪಾಠ ಇದು.

ಪದಗಳ ಅರ್ಥ
ಮಂತ್ರಿಮಂಡಲ – ಮುಖ್ಯಮಂತ್ರಿ ಮತ್ತು ಮಂತ್ರಿಗಳ ಕೂಟ
ಖಾತೆ – ಮಂತ್ರಿಗೆ ವಹಿಸಿದ ಇಲಾಖೆ
ಬಹುಮತ – ಅರ್ಧಕ್ಕಿಂತ ಹೆಚ್ಚು ಸದಸ್ಯರ ಬೆಂಬಲ
ಅಳುಕು – ಹೆದರಿಕೆ

ಪ್ರಶ್ನೆಗಳು
1. 1952ರ ಹೈದರಾಬಾದ್ ಮಂತ್ರಿಮಂಡಲದಲ್ಲಿ ಕನ್ನಡ ಭಾಗದವರು ಯಾರಿದ್ದರು?
2. 1956ರ ಒಪ್ಪಂದದಲ್ಲಿ ತೆಲಂಗಾಣಕ್ಕೆ ಏನೇನು ಕೊಡಲು ಒಪ್ಪಲಾಗಿತ್ತು?
3. 1960ರಲ್ಲಿ ಕೇರಳದ ಕಾಂಗ್ರೆಸ್ ಒಂದೇ ಸರ್ಕಾರ ರಚಿಸಲು ಏಕೆ ಆಗಲಿಲ್ಲ?
4. ನಿಮ್ಮ ತರಗತಿಯಲ್ಲಿ ಒಂದು ಮಂತ್ರಿಮಂಡಲ ರಚಿಸಿರಿ. ಎಲ್ಲ ಬೀದಿಯ, ಎಲ್ಲ ಭಾಷೆಯ ಮಕ್ಕಳಿಗೂ ಪಾಲು ಸಿಕ್ಕಿದೆಯೇ ನೋಡಿರಿ.