ಕಿರಿಯ ತೆರೇಸಾಳ ಮನೆ ಪಾಸ್ಖಕ್ಕೆ ಅಣಿಯಾದ ಬಗೆ



ಕ್ರಿಸ್ತಜಯಂತಿ ಬಂತೆಂದರೆ ನಿಮ್ಮ ಮಕ್ಕಳ ಕೈಗೆ ಬಿಡುವಿರುವುದಿಲ್ಲ. ಗೋದಲಿಗೆ ಹುಲ್ಲು ತರಬೇಕು, ನಕ್ಷತ್ರ ಕಟ್ಟಬೇಕು, ತಿಂಡಿಯ ಹಿಟ್ಟು ನಾದುವಲ್ಲಿ ಅವರದೂ ಒಂದು ಕೈ ಇರಬೇಕು. ಆದರೆ ನಮ್ಮ ವಿಶ್ವಾಸಕ್ಕೆ ಬುಡವೇ ಆಗಿರುವ ಪುನರುತ್ಥಾನದ ಹಬ್ಬಕ್ಕೆ ಅವರು ಮಾಡುವುದೇನು? ಶುಭ ಶುಕ್ರವಾರ ದೊಡ್ಡವರ ನಡುವೆ ಸಿಕ್ಕಿಕೊಂಡು ಶಿಲುಬೆ ಹಾದಿ ನಡೆಯುತ್ತಾರೆ. ಪಾಸ್ಖ ಜಾಗರಣೆಯಲ್ಲಿ ಮೋಂಬತ್ತಿ ಹಚ್ಚಿದ ಅರ್ಧ ಗಂಟೆಗೆ ಬೆಂಚಿನ ಮೇಲೆ ನಿದ್ದೆ ಹೋಗುತ್ತಾರೆ. ಬೆಳಿಗ್ಗೆ ಎದ್ದರೆ ಬೇಕರಿಯಿಂದ ಬಂದ ಸಕ್ಕರೆ ಮೊಟ್ಟೆ. ಮನೆಯಲ್ಲಿ ನಾವೇ ಏನಾದರೂ ಮಾಡಬಹುದೇ ಸ್ವಾಮಿ ಎಂದು ಕೇಳುವ ತಾಯಂದಿರಿದ್ದಾರೆ. ಅವರಿಗಾಗಿ ಈ ವಾರ ಒಂದು ಮನೆಯ ಕಥೆ. ಆ ಮನೆಯ ಕಿರಿಮಗಳನ್ನು ನೀವೆಲ್ಲರೂ ಬಲ್ಲಿರಿ. ಗುಲಾಬಿಗಳನ್ನೂ ಶಿಲುಬೆಯನ್ನೂ ಎದೆಗವಚಿಕೊಂಡು ನಮ್ಮ ಎಷ್ಟೋ ದೇವಾಲಯಗಳಲ್ಲಿ ನಿಂತಿರುವ ಸಂತ ಕಿರಿಯ ತೆರೇಸಾಳೇ ಅವಳು.

ತೆರೇಸಾ ಹುಟ್ಟಿದ್ದು 1873ರ ಜನವರಿ 2ರಂದು, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಅಲಾಂಸೋನ್ ಪಟ್ಟಣದಲ್ಲಿ. ತಂದೆ ಲೂಯಿ ಮಾರ್ತೆನ್ ಗಡಿಯಾರದ ಕೆಲಸದವರು. ತಾಯಿ ಜೆಲಿ ಆ ಊರಿಗೆ ಹೆಸರು ತಂದ ಲೇಸು ಹೆಣೆಯುವ ಕಸುಬಿನವರು. ಬೇರೆ ಹೆಂಗಸರಿಗೂ ಕೆಲಸ ಕೊಟ್ಟು ತಾವೇ ವ್ಯಾಪಾರ ನಡೆಸುತ್ತಿದ್ದರು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಮಣ್ಣಿಗೆ ಕೊಟ್ಟ ದಂಪತಿಗಳಿವರು. ಉಳಿದವರು ಮರೀ, ಪೌಲಿನ್, ಲೆಯೋನಿ, ಸೆಲಿನ್, ತೆರೇಸಾ ಎಂಬ ಐವರು ಹೆಣ್ಣುಮಕ್ಕಳು. ಗಂಡಹೆಂಡಿರಿಬ್ಬರೂ ದಿನವೂ ಬೆಳಗಿನ ಐದೂವರೆಯ ಬಲಿಪೂಜೆಗೆ ಹೋಗುತ್ತಿದ್ದರು. ಭಾನುವಾರ ಗಿರಾಕಿಗಳು ಬರುವ ದಿನವಾದರೂ ಲೂಯಿಯವರ ಅಂಗಡಿಯ ಬಾಗಿಲು ತೆರೆಯುತ್ತಿರಲಿಲ್ಲ. ತಪಸ್ಸು ಕಾಲದ ಉಪವಾಸವನ್ನು ಧರ್ಮಸಭೆ ವಿಧಿಸಿದಂತೆಯೇ ಪಾಲಿಸುತ್ತಿದ್ದರು. ಮಕ್ಕಳಿಗೆ ಇದನ್ನು ಯಾರೂ ಪಾಠವಾಗಿ ಹೇಳಿಕೊಡಲಿಲ್ಲ, ಅವರು ಕಣ್ಣಾರೆ ಕಂಡರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್‌ರವರು ಈ ಪತಿಪತ್ನಿಯರಿಬ್ಬರನ್ನೂ ಒಟ್ಟಿಗೆ ಸಂತರ ಸಾಲಿಗೆ ಸೇರಿಸಿದರು.

ಜೆಲಿಯವರು ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದುಬಂದಿವೆ. ಲೇಸಿನ ಕೆಲಸದ ನಡುವೆ, ಮಗು ಮಲಗಿದ ಮೇಲೆ, ದೂರದ ಶಾಲೆಯಲ್ಲಿದ್ದ ಮಗಳಿಗೂ ಲಿಸ್ಯೂನಲ್ಲಿದ್ದ ತಮ್ಮನ ಸಂಸಾರಕ್ಕೂ ಬರೆದವು. ಅವುಗಳಲ್ಲಿ ನಾಲ್ಕು ವರ್ಷದ ತೆರೇಸಾಳ ಒಂದು ಮಣಿಸರದ ಸುದ್ದಿ ಬರುತ್ತದೆ. ಇದು ಜಪಸರವಲ್ಲ. ಒಂದೊಂದಾಗಿ ಸರಿಸಬಹುದಾದ ಮಣಿಗಳ ಸಣ್ಣ ದಾರ. ದೇವರಿಗಾಗಿ ಏನಾದರೊಂದು ಬಿಟ್ಟುಕೊಟ್ಟಾಗಲೆಲ್ಲ ಒಂದು ಮಣಿ ಸರಿಸಬೇಕು. ಅಕ್ಕ ಬೊಂಬೆ ಕಿತ್ತುಕೊಂಡಾಗ ಅಳದಿದ್ದರೆ ಒಂದು, ಎದುರುತ್ತರ ನುಂಗಿಕೊಂಡರೆ ಇನ್ನೊಂದು ಎಂಬಂತೆ. ದಿನಕ್ಕೆ ನೂರು ಸಲ ಅವಳ ಕೈ ಜೇಬಿಗೆ ಹೋಗುತ್ತಿತ್ತಂತೆ. ಅವಳೂ ಸೆಲಿನಳೂ ತೋಟದಲ್ಲಿ ಕೂತು ಗಂಭೀರವಾಗಿ ಈ ಮಣಿಗಳ ಲೆಕ್ಕ ಮಾತಾಡುವುದನ್ನು ಕೇಳಿದ ನೆರೆಮನೆಯಾಕೆಗೆ ತಲೆಬುಡ ತಿಳಿಯದೆ, ಇದೇನೆಂದು ವಿಚಾರಿಸಬೇಕಾಯಿತು.

ವಿಭೂತಿ ಬುಧವಾರದಂದು ನಿಮ್ಮ ಮಗುವಿಗೂ ಇಂಥದೊಂದು ದಾರ ಕೊಡಬಹುದು. ನಲವತ್ತು ಮಣಿ ಸಾಕು. ಅಂಗಡಿಯದೇ ಆಗಬೇಕೆಂದಿಲ್ಲ, ಹುಣಿಸೆ ಬೀಜವನ್ನು ಡಬ್ಬಿಗೆ ಹಾಕಿದರೂ ನಡೆದೀತು. ಆದರೆ ಒಂದು ಎಚ್ಚರ ಬೇಕು. ಅಣ್ಣನದು ಎಷ್ಟು, ತಂಗಿಯದು ಎಷ್ಟು ಎಂದು ನೀವು ಹೋಲಿಸತೊಡಗಿದ ದಿನ ಅದು ತ್ಯಾಗವಾಗಿ ಉಳಿಯುವುದಿಲ್ಲ, ಪರೀಕ್ಷೆಯ ಅಂಕವಾಗುತ್ತದೆ. ತೆರೇಸಾ ಕೂಡ ಮುಂದೆ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ, ಮಾಡಿದ್ದೆಲ್ಲ ಪಾಪವೇ ಎಂಬ ಅಂಜಿಕೆಯಲ್ಲಿ ಒಂದೂವರೆ ವರ್ಷ ನರಳಿದಳು. ಬೆಳೆದ ಮೇಲೆ ಲೆಕ್ಕವನ್ನೆಲ್ಲ ಕೈಬಿಟ್ಟು, ಬರಿಗೈಯಲ್ಲೇ ದೇವರ ಮುಂದೆ ನಿಲ್ಲುವುದನ್ನು ಕಲಿತಳು. ಮಣಿಗಳು ಮಗುವಿಗೆ ಹೊಂದಿದ ಉಪಾಯ. ಅದನ್ನು ಅಷ್ಟಕ್ಕೇ ಬಿಡಿ.

ಮಣಿಗಳಿಗಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ರೊಟ್ಟಿಯ ಪ್ರಸಂಗ. ಆ ಕಾಲದ ಫ್ರಾನ್ಸಿನಲ್ಲಿ ಭಾನುವಾರದ ಪೂಜೆಯಲ್ಲಿ ಮಂತ್ರಿಸಿದ ರೊಟ್ಟಿಯ ತುಣುಕುಗಳನ್ನು ಜನರಿಗೆ ಹಂಚುವ ರೂಢಿಯಿತ್ತು. ಇದು ಪರಮ ಪ್ರಸಾದವಲ್ಲ, ಗರಿಗಳ ಭಾನುವಾರದ ಗರಿಯ ಹಾಗೆ ಮನೆಗೆ ಒಯ್ಯುವಂಥದು. ಪೂಜೆಗೆ ಹೋಗುವಷ್ಟು ದೊಡ್ಡವಳಾಗಿರದ ತೆರೇಸಾ ಮನೆಯಲ್ಲಿ ಕಾಯುತ್ತಿದ್ದಳು. ಸೆಲಿನ್ ತಂದ ತುಣುಕನ್ನು ಶಿಲುಬೆಯ ಗುರುತು ಹಾಕಿಕೊಂಡು ತಿಂದರೆ ಅದೇ ಅವಳ ಪಾಲಿನ ಪೂಜೆ. ಒಂದು ದಿನ ಸೆಲಿನ್ ಬರಿಗೈಯಲ್ಲಿ ಬಂದಳು. ಈಗೇನು ಮಾಡುವುದು? ರೊಟ್ಟಿ ಇಲ್ಲದಿದ್ದರೆ ನೀನೇ ಮಾಡು ಎಂದು ತಂಗಿ ಅಪ್ಪಣೆ ಕೊಟ್ಟಳು. ಸೆಲಿನ್ ಬೀರು ತೆರೆದು, ಮನೆಯ ರೊಟ್ಟಿಯಿಂದಲೇ ಒಂದು ತುಂಡು ಕತ್ತರಿಸಿ, ಅದರ ಮೇಲೆ ಬಲು ಗಾಂಭೀರ್ಯದಿಂದ ನಮೋ ಮರಿಯಾ ಜಪ ಹೇಳಿದಳು. ತೆರೇಸಾ ಭಕ್ತಿಯಿಂದ ತಿಂದಳು. ರುಚಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ!

ದೈವಶಾಸ್ತ್ರ ಓದಿದ ನಾವು ಇಲ್ಲಿ ಹುಬ್ಬು ಗಂಟಿಕ್ಕಬಹುದು. ಆದರೆ ಆ ಮನೆಯ ಹಿರಿಯರು ಗದರಲಿಲ್ಲ ಎಂಬುದನ್ನು ಗಮನಿಸಿ. ಪುನರುತ್ಥಾನದ ದಿನ ಸಂಜೆ ಎಮ್ಮಾವುಸಿನ ಇಬ್ಬರು ಶಿಷ್ಯರು ಪ್ರಭುವನ್ನು ಗುರುತು ಹಿಡಿದದ್ದು ರೊಟ್ಟಿ ಮುರಿಯುವಾಗ, ಊಟದ ಮೇಜಿನಲ್ಲೇ. ಪಾಸ್ಖದ ಬೆಳಿಗ್ಗೆ ನಿಮ್ಮ ಮನೆಯಲ್ಲಿ ರೊಟ್ಟಿಯೋ ಇಡ್ಲಿಯೋ, ಇರುವುದನ್ನು ನಡುವೆ ಇಟ್ಟು, ಎಲ್ಲರಿಗಿಂತ ಚಿಕ್ಕವರಿಂದ ಅದರ ಮೇಲೆ ಶಿಲುಬೆಯ ಗುರುತು ಹಾಕಿಸಿ, ಅವರ ಕೈಯಿಂದಲೇ ಹಂಚಿಸಿ. ಮುಂದಿನ ವರ್ಷ ನೀವು ಮರೆತರೂ ಅವರು ಮರೆಯುವುದಿಲ್ಲ.

1877ರ ಆಗಸ್ಟ್ 28ರಂದು ಜೆಲಿಯವರು ಸ್ತನದ ಅರ್ಬುದ ರೋಗದಿಂದ ತೀರಿಕೊಂಡರು. ತೆರೇಸಾಳಿಗೆ ಆಗ ನಾಲ್ಕೂವರೆ ವರ್ಷ. ಪೌಲಿನಳನ್ನು ಎರಡನೆಯ ತಾಯಾಗಿ ಆರಿಸಿಕೊಂಡಳು. ತಂದೆ ಮಕ್ಕಳನ್ನು ಕರೆದುಕೊಂಡು ಸೋದರಮಾವನ ಊರಾದ ಲಿಸ್ಯೂಗೆ ಬಂದು ನೆಲೆಸಿದರು. ಚಳಿಗಾಲದ ಸಂಜೆಗಳಲ್ಲಿ ಅಪ್ಪನ ಮಡಿಲಲ್ಲಿ ತೆರೇಸಾ ಕೂರುವಳು. ಅಕ್ಕಂದಿರಲ್ಲಿ ಒಬ್ಬಳು ಮಠಾಧಿಪತಿ ಗೆರಾಂಜೆಯವರು ಬರೆದ ಆರಾಧನಾ ವರ್ಷದ ಪುಸ್ತಕವನ್ನು ಓದುವಳು. ಹಬ್ಬಗಳ, ತಪಸ್ಸು ಕಾಲದ, ಪಾಸ್ಖ ಕಾಲದ ಪೂಜೆಗಳ ಅರ್ಥವನ್ನು ಜನರಿಗೆ ತಿಳಿಸುವ ಹಲವು ಸಂಪುಟಗಳ ಗ್ರಂಥವದು. ಆಮೇಲೆ ಅಪ್ಪನ ಹಾಡು, ಕೊನೆಗೆ ಎಲ್ಲರೂ ಮೇಲಿನ ಕೋಣೆಗೆ ಹೋಗಿ ಪ್ರಾರ್ಥನೆ. ತೆರೇಸಾಳ ಜಾಗ ಅಪ್ಪನ ಪಕ್ಕದಲ್ಲಿ. ಸಂತರು ಹೇಗೆ ಪ್ರಾರ್ಥಿಸುತ್ತಾರೆಂದು ತಿಳಿಯಲು ಅಪ್ಪನ ಮುಖ ನೋಡಿದರೆ ಅವಳಿಗೆ ಸಾಕಿತ್ತು.

ದೇವಾಲಯದಲ್ಲೂ ಹಾಗೆಯೇ. ಐದೂವರೆ ವರ್ಷದವಳಿದ್ದಾಗ ಅವಳಿಗೆ ಮೊಟ್ಟಮೊದಲು ಅರ್ಥವಾದ ಪ್ರಸಂಗ ಯೇಸುವಿನ ಯಾತನೆಯನ್ನು ಕುರಿತದ್ದು. ಅಲ್ಲಿಯೂ ಅವಳ ಕಣ್ಣು ಬೋಧಿಸುವ ಗುರುಗಳಿಗಿಂತ ಹೆಚ್ಚಾಗಿ ಅಪ್ಪನ ಮೇಲೆಯೇ ಇರುತ್ತಿತ್ತು. ಪವಿತ್ರ ವಾರಕ್ಕೆಂದು ರಾತ್ರಿಯೆಲ್ಲ ಕೂತು ಪ್ರಸಂಗ ಸಿದ್ಧಪಡಿಸುವ ನಮ್ಮಂಥವರು ಇದನ್ನು ಓದಿ ಸ್ವಲ್ಪ ತಗ್ಗಬೇಕು. ಶುಭ ಶುಕ್ರವಾರ ನಿಮ್ಮ ಮಗು ನೋಡುವುದು ನಿಮ್ಮ ಮುಖವನ್ನು. ಆ ಹೊತ್ತಿನಲ್ಲಿ ನೀವು ದೇವಾಲಯದ ಹೊರಗೆ ಮರದಡಿ ನಿಂತು ಮಾತಾಡುತ್ತಿದ್ದರೆ ಅದನ್ನೂ ನೋಡುತ್ತದೆ.

ಅಪ್ಪನ ಜೊತೆ ತಿರುಗಾಡುವಾಗ ಬಡವರಿಗೆ ಕಾಸು ಕೊಡುವ ಕೆಲಸ ಅವಳದೇ. ಒಮ್ಮೆ ಊರುಗೋಲಿನ ಮೇಲೆ ನಡೆಯುತ್ತಿದ್ದ ಒಬ್ಬರಿಗೆ ಕೊಡಹೋದರೆ, ಅವರು ದುಃಖದ ನಗೆ ನಕ್ಕು ಬೇಡವೆಂದರು. ಮಗುವಿನ ಮುಖ ಬಾಡಿತು. ಮೊದಲ ಪರಮ ಪ್ರಸಾದದ ದಿನ ಕೇಳಿದ್ದನ್ನು ದೇವರು ಕೊಡುತ್ತಾರೆಂದು ಯಾರೋ ಹೇಳಿದ್ದು ನೆನಪಾಗಿ, ಆ ದಿನ ಈ ಬಡವರಿಗಾಗಿ ಪ್ರಾರ್ಥಿಸುವೆನೆಂದು ನಿಶ್ಚಯಿಸಿದಳು. ಐದು ವರ್ಷಗಳ ನಂತರ, 1884ರ ಮೇ 8ರಂದು, ಮರೆಯದೆ ಪ್ರಾರ್ಥಿಸಿದಳು. ತಪಸ್ಸು ಕಾಲದಲ್ಲಿ ಮಕ್ಕಳು ಹುಂಡಿಗೆ ಹಾಕುವ ದುಡ್ಡು ಯಾರಿಗೆ ಹೋಗುತ್ತದೆಂದು ಅವರಿಗೆ ತಿಳಿಸುತ್ತೀರಾ? ಸಾಧ್ಯವಾದರೆ ಅವರ ಕೈಯಿಂದಲೇ ಕೊಡಿಸಿ.

ಇಷ್ಟೆಲ್ಲ ಇದ್ದ ಮನೆಯಲ್ಲೂ ಒಂದು ಪಾಸ್ಖ ಮುರಿದುಬಿತ್ತು. 1882ರ ಅಕ್ಟೋಬರಿನಲ್ಲಿ ಪೌಲಿನ್ ಕಾರ್ಮೆಲ್ ಮಠ ಸೇರಿದಳು. ತೆರೇಸಾ ಎರಡನೆಯ ಸಲ ತಾಯಿಯನ್ನು ಕಳೆದುಕೊಂಡಂತಾಯಿತು. ಮರುವರ್ಷ ಪವಿತ್ರ ವಾರಕ್ಕೆ ತಂದೆ ಹಿರಿಯ ಮಗಳು ಮರೀಯನ್ನೂ ಲೆಯೋನಿಯನ್ನೂ ಪ್ಯಾರಿಸಿಗೆ ಕರೆದೊಯ್ದರು. ಚಿಕ್ಕವರಿಬ್ಬರು ಮಾವನ ಮನೆಯಲ್ಲಿ ಉಳಿದರು. 1883ರ ಮಾರ್ಚ್ 25, ಪಾಸ್ಖದ ಸಂಜೆ, ಮಾವ ಪ್ರೀತಿಯಿಂದಲೇ ತೀರಿಹೋದ ತಾಯಿಯ ನೆನಪು ತೆಗೆದರು. ಹತ್ತು ವರ್ಷದ ಹುಡುಗಿ ಅಳತೊಡಗಿದಳು. ರಾತ್ರಿ ಮೈಯೆಲ್ಲ ನಡುಕ ಹತ್ತಿತು. ವೈದ್ಯರಿಗೂ ಬಗೆಹರಿಯದ ಆ ಕಾಯಿಲೆ ವಾರಗಟ್ಟಲೆ ಹಿಡಿದಿಟ್ಟಿತು. ಮೇ 13ರ ಪೆಂತೆಕೋಸ್ತ್ ಹಬ್ಬದಂದು, ಮಂಚದ ಬಳಿ ಅಕ್ಕಂದಿರು ಮೊಣಕಾಲೂರಿ ದೇವಮಾತೆಯ ಪ್ರತಿಮೆಯೆದುರು ಬೇಡುತ್ತಿದ್ದಾಗ, ಆ ತಾಯಿ ತನ್ನನ್ನು ನೋಡಿ ಮುಗುಳ್ನಕ್ಕರೆಂದು ತೆರೇಸಾ ಕಂಡಳು, ಗುಣಮುಖಳಾದಳು.

ಈ ವರ್ಷ ಮನೆಯಲ್ಲಿ ಸಾವಾದ ಕುಟುಂಬಗಳಿಗೆ ಇದನ್ನು ವಿಶೇಷವಾಗಿ ಹೇಳಬೇಕು. ಹಬ್ಬದ ದಿನವೇ ಮಕ್ಕಳ ನೋವು ಹೊರಬೀಳುವುದುಂಟು. ಎಲ್ಲರೂ ಅಲ್ಲೆಲೂಯ ಹಾಡುವಾಗ ಒಂದು ಮಗು ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತರೆ ಗದರಬೇಡಿ. ಪಾಸ್ಖ ಮೋಂಬತ್ತಿಯಿಂದ ಹಚ್ಚಿತಂದ ದೀಪವನ್ನು ಮರುದಿನ ಸಮಾಧಿಯ ಬಳಿ ಅದರ ಕೈಯಲ್ಲೇ ಇಡಿಸಿ. ಪುನರುತ್ಥಾನವೆಂದರೆ ಏನೆಂದು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹದಿನೈದು ತುಂಬುವ ಹೊತ್ತಿಗೆ ಮಠ ಸೇರಲು ಧರ್ಮಾಧ್ಯಕ್ಷರ ಅನುಮತಿ ಸಿಕ್ಕಿತು. ಆದರೆ ತಪಸ್ಸು ಕಾಲದ ಕಠಿಣ ನಿಯಮಗಳ ನಡುವೆ ಬೇಡ, ಪಾಸ್ಖ ಕಳೆದ ಮೇಲೆ ಬರಲಿ ಎಂದು ಮಠದ ತಾಯಿ ತೀರ್ಮಾನಿಸಿದರು. ತೆರೇಸಾಳಿಗೆ ಕಣ್ಣೀರು ಬಂತು. ಹೇಗೂ ಮೂರು ತಿಂಗಳು ಹೊರಗಿದ್ದೇನಲ್ಲ, ಸ್ವಲ್ಪ ಸಡಿಲವಾಗಿ ಇದ್ದುಬಿಡೋಣ ಎಂಬ ಆಸೆಯೂ ಹುಟ್ಟಿತು. ಕೊನೆಗೆ ಆ ತಪಸ್ಸು ಕಾಲವನ್ನು ಅವಳು ಕಳೆದದ್ದು ಬೇರೆ ರೀತಿ. ನಾಲಿಗೆಯ ತುದಿಗೆ ಬಂದ ಮಾತನ್ನು ತಡೆಹಿಡಿಯುವುದು, ಯಾರಿಗೂ ತಿಳಿಯದಂತೆ ಒಂದು ಸಣ್ಣ ಸೇವೆ ಮಾಡುವುದು, ಕುರ್ಚಿಗೆ ಒರಗದೆ ಕೂರುವುದು. ಚಾವಟಿಯಿಲ್ಲ, ಮುಳ್ಳಿನ ನಡುಪಟ್ಟಿಯಿಲ್ಲ. ಮಣಿಸರದ ಮಗುವೇ ಬೆಳೆದಿತ್ತು, ಅಷ್ಟೆ. 1888ರ ಏಪ್ರಿಲ್ 9ರಂದು ಅವಳು ಮಠದ ಬಾಗಿಲು ದಾಟಿದಳು.

ಆಗ ಮಠದ ಮುಖ್ಯಸ್ಥೆಯಾಗಿದ್ದ ಪೌಲಿನ್, ಅಂದರೆ ಮಾತೆ ಆಗ್ನೆಸ್, 1895ರಲ್ಲಿ ಬಾಲ್ಯದ ನೆನಪುಗಳನ್ನು ಬರೆಯುವಂತೆ ತೆರೇಸಾರವರಿಗೆ ಅಪ್ಪಣೆ ಮಾಡಿದರು. ರೊಟ್ಟಿ, ಊರುಗೋಲಿನ ಬಡವ, ಅಪ್ಪನ ಮಡಿಲು, ಎಲ್ಲವೂ ನಮಗೆ ದೊರೆತದ್ದು ಆ ಬರಹದಿಂದ. 1896ರ ಜನವರಿಯಲ್ಲಿ ಅದನ್ನು ಮುಗಿಸಿಕೊಟ್ಟರು. ಆ ವರ್ಷದ ತಪಸ್ಸು ಕಾಲವನ್ನು ಪೂರ್ಣ ಕಟ್ಟುನಿಟ್ಟಿನಿಂದ ಆಚರಿಸಿದರು. ಪವಿತ್ರ ಗುರುವಾರ ನಡುರಾತ್ರಿಯವರೆಗೆ ಪರಮ ಪ್ರಸಾದದ ಮುಂದೆ ಇದ್ದು, ಕೋಣೆಗೆ ಬಂದು ದೀಪವಾರಿಸಿ ಮಲಗಿದಾಗ ಬಿಸಿಯಾದದ್ದೇನೋ ಬಾಯಿಗೆ ಉಕ್ಕಿಬಂತು. ದೀಪ ಹಚ್ಚಿ ನೋಡಬಹುದಿತ್ತು. ಆ ಕುತೂಹಲವನ್ನೂ ದೇವರಿಗೆ ಬಿಟ್ಟುಕೊಟ್ಟು ಬೆಳಗಾಗುವವರೆಗೆ ಕಾದರು. ಕಿಟಕಿಯ ಬೆಳಕಿನಲ್ಲಿ ನೋಡಿದರೆ ಕರವಸ್ತ್ರದ ತುಂಬ ರಕ್ತ. ಕ್ಷಯರೋಗ ತೋರಿಕೊಂಡಿತ್ತು. ಅವರಿಗೆ ಭಯವಾಗಲಿಲ್ಲ, ಪ್ರಭುವಿನ ಕರೆ ಬಂತೆಂದು ಸಂತೋಷವೇ ಆಯಿತು.

ಆ ಸಂತೋಷ ಹೆಚ್ಚು ದಿನ ನಿಲ್ಲಲಿಲ್ಲ. ಏಪ್ರಿಲ್ 5ರ ಪಾಸ್ಖ ಹಬ್ಬದ ನಂತರದ ದಿನಗಳಲ್ಲೇ, ಮಠವೆಲ್ಲ ಅಲ್ಲೆಲೂಯ ಹಾಡುತ್ತಿದ್ದಾಗಲೇ, ಅವರೊಳಗೆ ಕತ್ತಲು ಕವಿಯಿತು. ಚಿಕ್ಕಂದಿನಿಂದ ಮನೆಯಷ್ಟೇ ನಿಜವಾಗಿದ್ದ ಸ್ವರ್ಗ ಈಗ ಬರೀ ಮಾತೆನಿಸಿತು. ಸತ್ತ ಮೇಲೆ ಏನೂ ಇಲ್ಲವೆಂಬ ಯೋಚನೆ ಹಗಲಿರುಳು ಕಾಡಿತು. ವಿಶ್ವಾಸವಿಲ್ಲದವರು ನಿಜಕ್ಕೂ ಇದ್ದಾರೆಂದು ಅವರಿಗೆ ಮನದಟ್ಟಾದದ್ದು ಆಗಲೇ. ಅಂಥವರ ಪಂಕ್ತಿಯಲ್ಲೇ ಕೂತು, ಅವರಿಗಾಗಿ ಆ ಕಹಿಯೂಟ ಉಣ್ಣಲು ಒಪ್ಪಿಕೊಂಡರು. ಸಾಯುವವರೆಗೆ, ಸುಮಾರು ಒಂದೂವರೆ ವರ್ಷ, ಆ ಕತ್ತಲು ತಿಳಿಯಾಗಲಿಲ್ಲ.

ಹಾಗಾದರೆ ಆ ಮನೆಯ ಮಣಿ, ರೊಟ್ಟಿ, ಸಂಜೆಯ ಓದು ಎಲ್ಲ ವ್ಯರ್ಥವಾಯಿತೇ ಎಂದು ನೀವು ಕೇಳಬಹುದು. ಇಷ್ಟೆಲ್ಲ ಮಾಡಿ ಬೆಳೆಸಿದ ಮಗ ಈಗ ಪೂಜೆಗೇ ಬರುವುದಿಲ್ಲ ಎಂದು ಕೊರಗುವ ತಂದೆತಾಯಂದಿರ ಪ್ರಶ್ನೆಯೂ ಇದೇ. ವಿಶ್ವಾಸವೆಂಬುದು ಮನಸ್ಸಿನ ಬಿಸುಪಲ್ಲ, ದೇವರ ಕೃಪೆಯಿಂದ ನಮ್ಮ ಸಂಕಲ್ಪವು ಬುದ್ಧಿಯನ್ನು ಒಪ್ಪಿಸುವ ಕ್ರಿಯೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಸೆಮಿನರಿಯಲ್ಲಿ ನಾವು ಇದನ್ನು ಬಾಯಿಪಾಠ ಮಾಡಿದೆವು. ತೆರೇಸಾ ಮಾಡಿ ತೋರಿಸಿದರು. ಇಡೀ ಆಯುಷ್ಯದಲ್ಲಿ ಮಾಡಿದ್ದಕ್ಕಿಂತ ಹೆಚ್ಚು ವಿಶ್ವಾಸದ ಪ್ರಾರ್ಥನೆಗಳನ್ನು ಆ ಒಂದು ವರ್ಷದಲ್ಲಿ ಮಾಡಿದೆನೆಂದು ಬರೆದಿಟ್ಟರು. ವಿಶ್ವಾಸ ಸಂಗ್ರಹವನ್ನು ತಮ್ಮ ರಕ್ತದಲ್ಲೇ ಬರೆದು ಎದೆಯ ಮೇಲೆ ಇಟ್ಟುಕೊಂಡರು. ಏನೂ ಅನಿಸದಿದ್ದಾಗಲೂ ಕೈ ಮಾಡುವ ಕೆಲಸವೊಂದಿರುತ್ತದೆ ಎಂಬುದು ಅವರಿಗೆ ನಾಲ್ಕನೆಯ ವಯಸ್ಸಿನಿಂದಲೇ ತಿಳಿದಿತ್ತು.

1897ರ ಸೆಪ್ಟೆಂಬರ್ 30ರ ಸಂಜೆ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಲಿಸ್ಯೂ ಮಠದ ರೋಗಿಗಳ ಕೋಣೆಯಲ್ಲಿ ಅವರು ಪ್ರಾಣ ಬಿಟ್ಟರು. ಲೆಯೋನಿ ಆಗ ಮಠದ ಹೊರಗಿದ್ದರು. ಮಂಚದ ಸುತ್ತ ಮೊಣಕಾಲೂರಿದ್ದ ಕನ್ಯಾಸ್ತ್ರೀಯರಲ್ಲಿ ಮೂವರು ಒಡಹುಟ್ಟಿದವರು. ಸಂಜೆಯ ಹೊತ್ತು ಪುಸ್ತಕ ಓದಿ ಹೇಳುತ್ತಿದ್ದ ಮರೀ, ಎರಡನೆಯ ತಾಯಾದ ಪೌಲಿನ್, ಮತ್ತು ಬೀರುವಿನ ರೊಟ್ಟಿಯ ಮೇಲೆ ನಮೋ ಮರಿಯಾ ಹೇಳಿದ್ದ ಸೆಲಿನ್.