ಕಡಂದಲೆಯಿಂದ ವುಡ್‌ಲ್ಯಾಂಡ್ಸ್‌ವರೆಗೆ: ಹೋಟೆಲ್ ಕೃಷ್ಣರಾಯರು



ತಮಿಳುನಾಡಿನಲ್ಲಿ ಎಲ್ಲಿಗೆ ಹೋದರೂ ಉಡುಪಿ ಹೋಟೆಲ್ ಎಂಬ ಬೋರ್ಡು ಕಂಡರೆ ನಮ್ಮವರಿಗೆ ಒಂದು ಸಮಾಧಾನ. ಆ ಹೆಸರಿಗೆ ದೊಡ್ಡ ಮನುಷ್ಯರ ನಡುವೆಯೂ ಮರ್ಯಾದೆ ತಂದುಕೊಟ್ಟವರಲ್ಲಿ ಕೆ. ಕೃಷ್ಣರಾಯರು ಪ್ರಮುಖರು. ಈ ಸಲದ ಪರಿಚಯ ಅವರದು.

ರಾಯರು 1898ರಲ್ಲಿ ದಕ್ಷಿಣ ಕನ್ನಡದ ಕಡಂದಲೆಯಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದರು. ಹೆಚ್ಚು ಓದಲು ಅನುಕೂಲವಿರಲಿಲ್ಲ. 1920ರ ದಶಕದಲ್ಲಿ ಮದರಾಸಿಗೆ ಬಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿದರು. ಕೆಲಸ ಕಲಿತು, ಕೂಡಿಟ್ಟ ಕಾಸಿನಲ್ಲಿ ಸ್ವಂತಕ್ಕೆ ನಿಂತರು. ಮೌಂಟ್ ರೋಡಿನಲ್ಲಿ ಅವರು ನಡೆಸಿದ ಉಡುಪಿ ಶ್ರೀಕೃಷ್ಣ ವಿಲಾಸ ಬೇಗ ಹೆಸರಾಯಿತು.

1938ರಲ್ಲಿ ಅವರು ಇನ್ನೂ ದೊಡ್ಡ ಧೈರ್ಯ ಮಾಡಿದರು. ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ ವುಡ್‌ಲ್ಯಾಂಡ್ಸ್ ಎಂಬ ಬಂಗಲೆಯನ್ನು ಬಾಡಿಗೆಗೆ ಹಿಡಿದು, ಅದೇ ಹೆಸರಿನಲ್ಲಿ ವಸತಿಯೂ ಊಟವೂ ಇರುವ ಹೋಟೆಲ್ ತೆರೆದರು. ಹೆಸರು ಇಂಗ್ಲಿಷ್, ಕಟ್ಟಡ ರಾಜರದು, ಎಲೆಗೆ ಬೀಳುವುದು ಮಾತ್ರ ನಮ್ಮ ಸಾರು, ಹುಳಿ, ಪಲ್ಯ. ಸಸ್ಯಾಹಾರಿ ಹೋಟೆಲೆಂದರೆ ಇಕ್ಕಟ್ಟು ಜಾಗ ಎಂಬ ಎಣಿಕೆ ಅಲ್ಲಿಗೆ ಮುರಿಯಿತು. 1952ರಲ್ಲಿ ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಎದ್ದಿತು.

1962ರಲ್ಲಿ ಕೆಥೀಡ್ರಲ್ ರಸ್ತೆಯ ತೋಟದೊಳಗೆ ಡ್ರೈವ್-ಇನ್ ಬಂತು. ಮರದ ನೆರಳಿನಲ್ಲಿ ಕಾರು ನಿಲ್ಲಿಸಿದರೆ ತಟ್ಟೆ ಕಿಟಕಿಗೇ ಬರುತ್ತಿತ್ತು. ಸಿನಿಮಾದವರು, ವಕೀಲರು, ಪತ್ರಕರ್ತರು, ಕಾಲೇಜು ಹುಡುಗರು ಎಲ್ಲರಿಗೂ ಅದು ಅಡ್ಡೆ.

ಕಚೇರಿ ಕೆಲಸಕ್ಕೆಂದು ಮದರಾಸಿಗೆ ಹೋದಾಗ ನಾನೂ ಒಮ್ಮೆ ಅಲ್ಲಿಗೆ ಹೋಗಿದ್ದೆ. ಕಾರಿಲ್ಲದ ಗುಮಾಸ್ತನನ್ನು ಒಳಗೆ ಬಿಟ್ಟಾರೆಯೇ ಎಂದು ಗೇಟಿನಲ್ಲೇ ಅಳುಕಿದೆ. ಯಾರೂ ಏನೂ ಕೇಳಲಿಲ್ಲ. ಒಳಗೆ ಮೇಜಿನ ಮುಂದೆ ಕುಳಿತೆ. ಒಂದು ಮಸಾಲೆ ದೋಸೆ, ಒಂದು ಕಾಫಿ ಮುಗಿಸಿ ಒಂದು ಗಂಟೆ ಕೂತರೂ ಎಬ್ಬಿಸಲಿಲ್ಲ. ರಾಯರ ದೊಡ್ಡತನ ನನಗೆ ತಿಳಿದದ್ದು ಅಂದು. ಶ್ರೀಮಂತರ ಜಾಗ ಕಟ್ಟಿದವರು ಬೇಕಾದಷ್ಟು ಜನ. ಅಲ್ಲಿ ಬಡವನಿಗೂ ಕುರ್ಚಿ ಇಟ್ಟವರು ಕಡಿಮೆ.

ರಾಯರು 1990ರಲ್ಲಿ ತೀರಿಕೊಂಡರು. ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಮಾಲೀಕರ ಹೆಸರು ಹೇಗೋ ಉಳಿಯುತ್ತದೆ. ಅಂಥ ಹೋಟೆಲುಗಳಲ್ಲಿ ಹಿಟ್ಟು ರುಬ್ಬಿದವರು, ಒಲೆಯ ಮುಂದೆ ಬೆಂದವರು, ಊರಿಗೆ ಮನಿಯಾರ್ಡರ್ ಕಳಿಸಿ ತಮ್ಮಂದಿರನ್ನು ಓದಿಸಿದವರು ಯಾರ ಪುಸ್ತಕದಲ್ಲೂ ಇಲ್ಲ. ಅವರಲ್ಲಿ ಕೆಲವರು ನಮ್ಮ ಮನೆಗಳಲ್ಲೇ ಇದ್ದಾರೆ, ವಯಸ್ಸಾಗಿದೆ.

ಸಿಂಗಾನಲ್ಲೂರಿನ ಮುಂದಿನ ತಿಂಗಳ ಸಭೆಗೆ ಅಂಥ ಹಿರಿಯರನ್ನು ದಯವಿಟ್ಟು ಕರೆತನ್ನಿ. ಬರಲಾಗದಿದ್ದರೆ ತಿಳಿಸಿ, ನಾವೇ ಮನೆಗೆ ಬರುತ್ತೇವೆ. ಅವರು ಹೇಳಲಿ, ನಾನು ಬರೆದುಕೊಳ್ಳುತ್ತೇನೆ. ಆಯುಷ್ಯವಿಡೀ ಮಾಡಿದ ಕೆಲಸವೇ ಅದು.

ಇಂತಿ ನಿಮ್ಮ,
ಕಾರ್ಯದರ್ಶಿ