ಉದ್ರಿ ಕೊಟ್ಟು ಕೆಟ್ಟರೂ ಊರು ಬಿಡದ ಗ್ಲೋವರ್

ನಮ್ಮ ರಾಯದುರ್ಗದ ಕಡೆ ವ್ಯಾಪಾರಸ್ಥ ದಿವಾಳಿ ಎದ್ದರೆ ಐಪಿ ಹಾಕಿದ ಅಂತಾರೆ. ತೆಲುಗಿನವರೂ ಅದೇ ಮಾತು, ಕನ್ನಡದವರೂ ಅದೇ ಮಾತು. ತನ್ನ ಕೈಲಿ ಏನೂ ಉಳಿದಿಲ್ಲ ಅಂತ ಕೋರ್ಟಿಗೆ ಅರ್ಜಿ ಬರೆದುಕೊಟ್ಟ ಮೇಲೆ ಆ ಮನುಷ್ಯ ಊರಲ್ಲಿ ಕಾಣೋದಿಲ್ಲ. ನನಗೂ ಒಂದು ಸಲ ಹಾಗಾಯಿತು. ಒಂದು ವರ್ಷದ ಕಡ್ಲೆಕಾಯಿ ಪೂರಾ ಒಬ್ಬ ಮಂಡಿಯವರಿಗೆ ಹಾಕಿ ಚೀಟಿ ಇಸ್ಕೊಂಡು ಬಂದೆ. ದುಡ್ಡಿಗೆ ಹೋದಾಗ ಅಂಗಡಿಗೆ ಬೀಗ. ಆ ಚೀಟಿ ಈಗಲೂ ನನ್ನ ಟ್ರಂಕಿನಲ್ಲಿ, ಬರೆದ ಪದ್ಯಗಳ ಜತೆ ಇದೆ.

ಅದಕ್ಕೇ ಇರಬೇಕು, ಥಾಮಸ್ ಬ್ಲೇಕ್ ಗ್ಲೋವರ್ ಎಂಬ ಬ್ರಿಟಿಷ್ ವ್ಯಾಪಾರಿಯ ಕಥೆ ಓದಿದಾಗ ಅವನ ಹಡಗು, ಬಂದೂಕಿನ ವಿಚಾರಕ್ಕಿಂತ, ದಿವಾಳಿ ಎದ್ದ ಮೇಲೆ ಅವನು ಏನು ಮಾಡಿದ ಅನ್ನೋದೇ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಜಪಾನಿನಲ್ಲಿ ದೊಡ್ಡ ಹೆಸರು ಅವನದು. ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ. ಗಡಿಯಲ್ಲಿ ಬದುಕೋ ನಮ್ಮಂಥವರಿಗೆ ಮಾತ್ರ ಗೊತ್ತಿರಬೇಕಾದ ಮನುಷ್ಯ.

ಗ್ಲೋವರ್ ಹುಟ್ಟಿದ್ದು 1838ರ ಜೂನ್ 6ರಂದು, ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಫ್ರೇಸರ್‌ಬರೋ ಎಂಬ ಮೀನುಗಾರರ ಊರಿನಲ್ಲಿ. ತಂದೆ ಕರಾವಳಿ ಕಾವಲಿನ ನೌಕರಿಯವನು. ಸಂಸಾರ ಆಮೇಲೆ ಹತ್ತಿರದ ಅಬರ್ಡೀನ್‌ಗೆ ಬಂತು. ಅಲ್ಲಿ ಹಡಗು ಕಟ್ಟೋದೇ ಕಸುಬು. ಹುಡುಗ ಓದು ಮುಗಿಸಿ ಹಡಗು ಕಚೇರಿಯಲ್ಲಿ ಗುಮಾಸ್ತನಾದ. ಹತ್ತೊಂಬತ್ತು ತುಂಬೋ ಹೊತ್ತಿಗೆ ಚೀನಾದ ಶಾಂಘೈಗೆ ಹೊರಟ. ಜಾರ್ಡಿನ್ ಮ್ಯಾಥೆಸನ್ ಎಂಬ ದೊಡ್ಡ ಕಂಪನಿಯಲ್ಲಿ ಕೆಲಸ.

ಆಗ ಜಪಾನ್ ಬಾಗಿಲು ಹಾಕಿಕೊಂಡಿದ್ದ ದೇಶ. ಇನ್ನೂರು ವರ್ಷಕ್ಕೂ ಮೇಲೆ ಡಚ್ಚರನ್ನು, ಚೀನಾದವರನ್ನು ಬಿಟ್ಟು ಬೇರೆ ಪರದೇಶಿ ವ್ಯಾಪಾರಿಗೆ ಅಲ್ಲಿ ಕಾಲಿಡೋ ಹಾಗಿರಲಿಲ್ಲ. 1858ರಲ್ಲಿ ಒಪ್ಪಂದಗಳಾಗಿ 1859ರಲ್ಲಿ ಕೆಲವು ರೇವುಗಳು ತೆರೆದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗ್ಲೋವರ್ ನಾಗಸಾಕಿಗೆ ಬಂದಿಳಿದ. ವಯಸ್ಸು ಇಪ್ಪತ್ತೊಂದು. ಭಾಷೆ ಬಾರದು. ಅಲ್ಲಿ ಜಾರ್ಡಿನ್ ಕಂಪನಿಯ ಏಜೆಂಟ್ ಆಗಿದ್ದ ಮೆಕೆಂಜಿ ಎಂಬ ಹಿರಿಯ ಸ್ಕಾಟ್ಲೆಂಡಿನವನ ಕೈಕೆಳಗೆ ಕೆಲಸ ಕಲಿತ. ಎರಡು ವರ್ಷದಲ್ಲಿ ಮೆಕೆಂಜಿ ಊರು ಬಿಟ್ಟ. ಗ್ಲೋವರ್ ಆ ವ್ಯಾಪಾರ ವಹಿಸಿಕೊಂಡು ತನ್ನ ಹೆಸರಿನಲ್ಲೇ ಅಂಗಡಿ ತೆರೆದ.

ಶುರುವಾದದ್ದು ಟೀ ಸೊಪ್ಪಿನಿಂದ. ಜಪಾನಿನ ರೈತರು ಒಣಗಿಸಿ ಕೊಡೋ ಸೊಪ್ಪು ಅವರ ಮನೆ ಬಳಕೆಗೆ ಸಾಕು, ತಿಂಗಳುಗಟ್ಟಲೆ ಹಡಗಿನ ಪ್ರಯಾಣಕ್ಕೆ ಸಾಲದು. ತೇವ ಉಳಿದು ಬೂಷ್ಟು ಹಿಡೀತಿತ್ತು. ಹಸಿ ಕಡ್ಲೆಕಾಯಿ ಚೀಲ ಕಟ್ಟಿ ಕೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗ್ಲೋವರ್ ದೊಡ್ಡ ಕೊಟ್ಟಿಗೆ ಕಟ್ಟಿಸಿ, ಒಲೆ ಹೂಡಿ, ಸೊಪ್ಪನ್ನು ಬಾಣಲೆಯಲ್ಲಿ ಇನ್ನೊಂದು ಸಲ ಹುರಿಸಿ ಕಳಿಸೋ ಏರ್ಪಾಡು ಮಾಡಿದ. ಊರಿನ ಎಷ್ಟೋ ಜನಕ್ಕೆ ಕೂಲಿ ಸಿಕ್ಕಿತು. ಆ ಕಾಲಕ್ಕೆ ನಾಗಸಾಕಿಯ ಟೀ ವ್ಯಾಪಾರದಲ್ಲಿ ಔರಾ ಕೇಯ್ ಎಂಬ ಹೆಣ್ಣುಮಗಳೂ ದೊಡ್ಡ ಕುಳ. ಎಣ್ಣೆ ವ್ಯಾಪಾರದ ಮನೆತನದಾಕೆ. 1871ರಲ್ಲಿ ಯಾರದೋ ತಂಬಾಕಿನ ವ್ಯವಹಾರಕ್ಕೆ ಜಾಮೀನು ನಿಂತು ಸಾಲ ಪೂರಾ ಆಕೆಯ ತಲೆಗೆ ಬಂತು. ಅದನ್ನು ತೀರಿಸಿಯೇ 1884ರಲ್ಲಿ ಕಣ್ಣು ಮುಚ್ಚಿದಳು. ಆಕೆಯ ಕಥೆ ಬೇರೆಯೇ ಬರೀಬೇಕು, ಈಗ ಬೇಡ.

1863ರಲ್ಲಿ ಗ್ಲೋವರ್ ರೇವು ಕಾಣೋ ಗುಡ್ಡದ ಮೇಲೆ ಮನೆ ಕಟ್ಟಿಸಿದ. ಕೊಯಾಮಾ ಎಂಬ ಜಪಾನಿ ಮೇಸ್ತ್ರಿ ಕಟ್ಟಿದ್ದು. ಮರದ ಕಂಬದ ಅಗಲವಾದ ಪಡಸಾಲೆ ಸುತ್ತಲೂ. ನಮ್ಮ ದೇಶದಲ್ಲಿ ಬ್ರಿಟಿಷರು ಕಟ್ಟಿಸುತ್ತಿದ್ದ ಬಂಗಲೆಗಳ ಮಾದರಿ. ಮೇಲೆ ಹೊದಿಸಿದ್ದು ಮಾತ್ರ ಜಪಾನಿ ಹೆಂಚು. ಅದಕ್ಕೆ ದೊಡ್ಡ ಮುಂಬಾಗಿಲೇ ಇಲ್ಲ. ಬಂದವರು ಪಡಸಾಲೆ ಹತ್ತಿ ಯಾವ ಕಡೆಯಿಂದ ಬೇಕಾದರೂ ಒಳಗೆ ಹೋಗಬಹುದು. ಜಪಾನಿನಲ್ಲಿ ಉಳಿದಿರುವ ಪಾಶ್ಚಾತ್ಯ ಮಾದರಿಯ ಮರದ ಮನೆಗಳಲ್ಲಿ ಇದೇ ಹಳೆಯದು.

ಆ ಮನೆಗೆ ಎಂಥೆಂಥವರು ಬಂದರು ಅಂತ ಹೇಳೋ ಮೊದಲು ಆಗಿನ ಜಪಾನಿನ ಸ್ಥಿತಿ ಸ್ವಲ್ಪ ಹೇಳಬೇಕು. ಚಕ್ರವರ್ತಿ ಹೆಸರಿಗೆ ಮಾತ್ರ. ಆಳ್ವಿಕೆಯೆಲ್ಲ ಶೋಗನ್ ಎಂಬ ಸೇನಾಧಿಪತಿಯದು. ಅವನ ಕೆಳಗೆ ಸೀಮೆಗೊಬ್ಬ ದೊರೆ, ನಮ್ಮ ರಾಯದುರ್ಗ, ಚಿತ್ರದುರ್ಗಕ್ಕೆ ಪಾಳೆಗಾರರು ಇದ್ದ ಹಾಗೆ. ಪಶ್ಚಿಮದ ಸತ್ಸುಮ, ಚೋಶು ಸೀಮೆಗಳವರು ಶೋಗನ್ ಮೇಲೆ ತಿರುಗಿಬೀಳಲು ಹವಣಿಸುತ್ತಿದ್ದರು. ಅವರಿಗೆ ಹಡಗು ಬೇಕು, ಬಂದೂಕು ಬೇಕು. ಗ್ಲೋವರ್‌ಗೆ ಗಿರಾಕಿ ಬೇಕು.

1863ರಲ್ಲಿ ಬ್ರಿಟಿಷ್ ನೌಕಾಪಡೆ ಸತ್ಸುಮದ ಕಾಗೊಶಿಮಾ ಪಟ್ಟಣದ ಮೇಲೆ ಗುಂಡಿನ ಮಳೆ ಸುರಿಸಿತ್ತು. ಅದರಲ್ಲಿ ಸೆರೆಸಿಕ್ಕು ಬಿಡುಗಡೆಯಾದ ಗೊದಾಯ್ ತೊಮೊಆತ್ಸು ಎಂಬ ಸತ್ಸುಮದ ತರುಣ ಸ್ವಂತ ಸೀಮೆಗೇ ಹೋಗಲಾರದೆ ತಲೆಮರೆಸಿಕೊಂಡಿದ್ದ. ಅವನಿಗೆ ಆಸರೆ ಕೊಟ್ಟವನು ಗ್ಲೋವರ್, ಅದೇ ಬ್ರಿಟಿಷರವನು! ವ್ಯಾಪಾರದ ಲೆಕ್ಕವೋ, ವಯಸ್ಸಿನ ಸ್ನೇಹವೋ, ಎರಡೂ ಇದ್ದೀತು. 1865ರಲ್ಲಿ ಸತ್ಸುಮದ ಹತ್ತೊಂಬತ್ತು ಜನರನ್ನು ಕಳ್ಳತನದಿಂದ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದ. ಗೊದಾಯ್ ಕೂಡ ಅದರಲ್ಲಿದ್ದ. ದೇಶ ಬಿಟ್ಟು ಹೋದರೆ ಮರಣದಂಡನೆ ಆಗಿನ ಕಾನೂನು. ಆ ಗುಂಪಿನವರು ತಿರುಗಿ ಬಂದು ಹೊಸ ಜಪಾನಿನ ದೊಡ್ಡ ದೊಡ್ಡ ಜಾಗಗಳಲ್ಲಿ ಕೂತರು. ಅದೇ ವರ್ಷ ನಾಗಸಾಕಿಯ ದಂಡೆಯ ಮೇಲೆ ತುಂಡು ಹಳಿ ಹಾಸಿ ಒಂದು ಉಗಿಬಂಡಿ ಓಡಿಸಿ ಜನಕ್ಕೆ ತೋರಿಸಿದ. ಜಪಾನಿಗೆ ನಿಜವಾದ ರೈಲು ಬಂದದ್ದು 1872ರಲ್ಲಿ.

ಇನ್ನು ಬಂದೂಕು. ಮುಚ್ಚಿಡೋದರಲ್ಲಿ ಅರ್ಥವಿಲ್ಲ, ಅವನು ಎರಡು ಕಡೆಗೂ ಮಾರಿದ. ಶೋಗನ್ ಕಡೆಯವರಿಂದ ಫಿರಂಗಿಯ ಆರ್ಡರ್ ಹಿಡಿದ. ಇತ್ತ 1865ರಲ್ಲಿ ಸಕಾಮೊಟೊ ರಿಯೋಮಾ ಎಂಬ ಸಾಹಸಿಯ ಗುಂಪು ನಡುವೆ ನಿಂತು ದಲ್ಲಾಳಿಕೆ ಮಾಡಿ, ಸತ್ಸುಮದ ಹೆಸರಿನಲ್ಲಿ ಕೊಂಡು ಚೋಶುವಿಗೆ ಸೇರಿಸಿದ ಸುಮಾರು 7,300 ಬಂದೂಕುಗಳೂ ಇವನವೇ. ಬಂದೂಕು ಮಾರಿದವನನ್ನು ನಾನು ಹೊಗಳೋನಲ್ಲ. ಅದರಿಂದ ಸತ್ತವರು ಅವನ ಖಾತೆ ಪುಸ್ತಕದಲ್ಲಿ ಬರೋದಿಲ್ಲ. ಆದರೆ ಅವನ ಕಥೆಯಿಂದ ಅದನ್ನು ತೆಗೆದುಹಾಕಿದರೆ ಕಥೆಯೇ ಉಳಿಯೋದಿಲ್ಲ.

ದೊರೆಗಳು ನಗದು ಕೊಡುತ್ತಿರಲಿಲ್ಲ. ಎಲ್ಲ ಉದ್ರಿ. ಸುಗ್ಗಿ ಆದ ಮೇಲೆ ಅಕ್ಕಿ ಮಾರಿ ಕೊಡ್ತೀವಿ, ಮುಂದಿನ ವರ್ಷ ಕೊಡ್ತೀವಿ ಅನ್ನೋ ವಾಯಿದೆ. ಗ್ಲೋವರ್ ಮಾತ್ರ ತಾನು ಕೊಂಡಿದ್ದಕ್ಕೆ ಜಾರ್ಡಿನ್ ಕಂಪನಿಯ, ಡಚ್ ವ್ಯಾಪಾರ ಸಂಸ್ಥೆಯ ಸಾಲ ತಂದು ಬಡ್ಡಿ ಕಟ್ಟಬೇಕು. ಮೇಲಿನಿಂದ ಬರೋದು ವಾಯಿದೆ, ಕೆಳಗೆ ಕೊಡೋದು ನಗದು. ಈ ಪೇಚಾಟ ಆದವಾನಿಯ ಹತ್ತಿ ವ್ಯಾಪಾರಿಗೂ ಗೊತ್ತು, ಅಕ್ಕಲಕೋಟೆಯ ಕಿರಾಣಿಯವನಿಗೂ ಗೊತ್ತು.

ಅಷ್ಟರ ಮೇಲೆ ಅವನು ಇನ್ನೆರಡು ದೊಡ್ಡ ಕೆಲಸಕ್ಕೆ ಕೈ ಹಾಕಿದ. ಒಂದು, ಗೊದಾಯ್ ಮತ್ತು ಸತ್ಸುಮದವರ ಜತೆ ಸೇರಿ ಕೊಸುಗೆ ಎಂಬಲ್ಲಿ ಹಡಗು ರಿಪೇರಿಯ ಜಾರು ಕಟ್ಟೆ. ಉಗಿಯಂತ್ರದಿಂದ ಹಡಗನ್ನು ನೀರಿನಿಂದ ದಡಕ್ಕೆ ಎಳೆಯೋದು. ಯಂತ್ರ ಸ್ಕಾಟ್ಲೆಂಡಿನಿಂದ ತರಿಸಿದ್ದು. ಹಳಿಯ ಮೇಲಿನ ಅದರ ಅಡ್ಡೆ ಮಣಿಚೌಕಟ್ಟಿನ ಹಾಗೆ ಕಾಣುತ್ತಿದ್ದರಿಂದ ಜನ ಅದಕ್ಕೆ ಮಣಿಚೌಕಟ್ಟು ಅಂತಲೇ ಹೆಸರಿಟ್ಟರು. ಇನ್ನೊಂದು, ನಾಗಸಾಕಿ ರೇವಿನಾಚೆಯ ತಕಾಶಿಮಾ ದ್ವೀಪದ ಕಲ್ಲಿದ್ದಲು ಗಣಿ. ಆ ಸೀಮೆಯ ದೊರೆಯ ಜತೆ 1868ರಲ್ಲಿ ಕರಾರು ಮಾಡಿಕೊಂಡು, ಉಗಿಯಂತ್ರ ಇಟ್ಟು ನಲವತ್ತು ಮೀಟರಿಗೂ ಆಳಕ್ಕೆ ಬಾವಿ ತೋಡಿಸಿದ. 1869ರಲ್ಲಿ ಕಲ್ಲಿದ್ದಲು ಸಿಕ್ಕಿತು. ಜಪಾನಿನಲ್ಲಿ ಉಗಿಯಂತ್ರದಿಂದ ನಡೆದ ಮೊದಲ ಗಣಿ ಅದು. ಹಡಗುಗಳಿಗೆಲ್ಲ ಕಲ್ಲಿದ್ದಲು ಬೇಕು, ಲೆಕ್ಕ ತಪ್ಪಿರಲಿಲ್ಲ. ಆದರೆ ಬೋರು ಕೊರೆಸಿದವರಿಗೆ ಗೊತ್ತು, ನೆಲದೊಳಗೆ ಹಾಕಿದ ದುಡ್ಡು ಮೇಲೆ ಬರೋದಕ್ಕೆ ಕಾಲ ಹಿಡಿಯುತ್ತೆ. ಸಾಲ ಕೊಟ್ಟವರು ಅಷ್ಟು ಕಾಲ ಕಾಯೋದಿಲ್ಲ.

1868ರಲ್ಲಿ ಶೋಗನ್ ಪಕ್ಷ ಸೋತು ಚಕ್ರವರ್ತಿಯ ಹೆಸರಿನ ಹೊಸ ಸರ್ಕಾರ ಬಂತು. ಗ್ಲೋವರ್ ಬೆಂಬಲಿಸಿದವರೇ ಗೆದ್ದರು. ಗೆದ್ದ ಪಕ್ಷದ ವ್ಯಾಪಾರಿ ಸೋತ ಕಥೆ ಇದು! ಯುದ್ಧ ಬೇಗ ಮುಗಿದದ್ದರಿಂದ ತರಿಸಿದ ಸರಕು ಹಾಗೇ ಉಳಿಯಿತು. ಹಳೆ ಸೀಮೆಗಳು ಒಂದೊಂದಾಗಿ ಹೊಸ ಸರ್ಕಾರದ ಕೈಗೆ ಹೋಗುವಾಗ ಸೀಮೆಯವರ ಬಾಕಿ ಕೇಳೋದು ಯಾರನ್ನು? 1870ರ ಆಗಸ್ಟಿನಲ್ಲಿ ಗ್ಲೋವರ್ ಕಂಪನಿ ದಿವಾಳಿ ಎದ್ದಿತು. ಅವನಿಗೆ ಆಗ ಮೂವತ್ತೆರಡು ವರ್ಷ.

ಪರದೇಶದಲ್ಲಿ ಅಂಗಡಿ ಇಟ್ಟವನಿಗೆ ಕೆಟ್ಟ ಮೇಲೆ ಹಡಗು ಹತ್ತೋದು ಸುಲಭ. ಹಿಡಿಯೋರು ಯಾರು, ಕೇಳೋರು ಯಾರು? ಗ್ಲೋವರ್ ಹಡಗು ಹತ್ತಲಿಲ್ಲ. ತಾನೇ ತೋಡಿಸಿದ ಗಣಿ ಸಾಲಗಾರರ ಕೈಗೆ ಹೋಯಿತು. ಅದೇ ಗಣಿಯಲ್ಲಿ, ನಿನ್ನೆ ಮಾಲೀಕನಾಗಿದ್ದ ಜಾಗದಲ್ಲಿ, ಇವತ್ತು ಸಂಬಳದ ಮೇಲ್ವಿಚಾರಕನಾಗಿ ನಿಂತ. ಬಾಕಿಯ ತೀರುವಳಿ ವರ್ಷಗಟ್ಟಲೆ ನಡೆಯಿತು. ಇದನ್ನು ಓದಿದ ರಾತ್ರಿ ನಾನು ಟ್ರಂಕು ತೆಗೆದು ಆ ಹಳೆ ಚೀಟಿ ನೋಡಿದೆ. ನನ್ನ ಮಂಡಿಯವರು ಹಾಗೆ ಬಾಗಿಲಲ್ಲಿ ನಿಂತಿದ್ದರೆ ನಾನು ಅರ್ಧ ಬಿಟ್ಟೇನು ಅಂತಲೂ ಅನ್ನಿಸಿತು.

ಗಣಿ 1874ರಲ್ಲಿ ಸರ್ಕಾರದ ಕೈಗೆ ಬಂದು, ನಡುವೆ ಇನ್ನೊಬ್ಬರ ಪಾಲಾಗಿ, 1881ರಲ್ಲಿ ಇವಸಾಕಿ ಯತಾರೊ ಕಟ್ಟಿದ ಮಿತ್ಸುಬಿಷಿ ಕಂಪನಿಗೆ ಸೇರಿತು. ಗಣಿಯ ಜತೆ ಗ್ಲೋವರ್ ಕೂಡ ಹೋದ. ಕಡೇವರೆಗೂ ಆ ಕಂಪನಿಗೆ ಸಲಹೆಗಾರ. 1885ರಲ್ಲಿ ಯೊಕೊಹಾಮಾದಲ್ಲಿ ಮುಚ್ಚಿಹೋಗಿದ್ದ ಒಂದು ಬಿಯರ್ ಕಾರ್ಖಾನೆಯ ಜಾಗ ಹಿಡಿದು ಹೊಸ ಕಂಪನಿ ಕಟ್ಟಿದವರಲ್ಲಿ ಅವನೂ ಒಬ್ಬ. 1888ರಿಂದ ಅದರ ಬಿಯರ್ ಕಿರಿನ್ ಎಂಬ ಹೆಸರಿನಲ್ಲಿ ಬಂತು. ಈಗಲೂ ಆ ಹೆಸರು ಇದೆ. 1908ರಲ್ಲಿ ಜಪಾನ್ ಸರ್ಕಾರ ಉದಯಸೂರ್ಯ ಪದಕ ಕೊಟ್ಟು ಗೌರವಿಸಿತು.

ಹೆಂಡತಿ ತ್ಸುರು ಜಪಾನಿನಾಕೆ. ಮಗಳು ಹನಾ 1876ರಲ್ಲಿ ಹುಟ್ಟಿದಳು. ಅದಕ್ಕೂ ಮುಂಚೆ ಬೇರೆ ಹೆಂಗಸಿನಲ್ಲಿ ಹುಟ್ಟಿದ ಗಂಡುಮಗು ತೊಮಿಸಾಬುರೊನನ್ನೂ ಮನೆಗೆ ತಂದು ಬೆಳೆಸಿದರು. ಪುಚ್ಚಿನಿಯ ಚಿಟ್ಟೆ ಹೆಸರಿನ ಪ್ರಸಿದ್ಧ ಸಂಗೀತ ನಾಟಕ ಈ ಮನೆಯದೇ ಕಥೆ ಅಂತ ಪ್ರವಾಸಿಗಳಿಗೆ ಹೇಳೋದುಂಟು. ಅದಕ್ಕೆ ಆಧಾರವಿಲ್ಲ. ನಾಟಕದ ಗಂಡ ಬಿಟ್ಟು ಓಡಿಹೋದವನು, ಇವನು ಉಳಿದವನು. 1899ರಲ್ಲಿ ತ್ಸುರು ತೀರಿಕೊಂಡಳು. 1911ರ ಡಿಸೆಂಬರ್ 16ರಂದು ಗ್ಲೋವರ್ ಟೋಕಿಯೋದಲ್ಲಿ ಸತ್ತ. ಮಣ್ಣಾದದ್ದು ನಾಗಸಾಕಿಯಲ್ಲೇ, ತ್ಸುರು ಜತೆಗೆ. ಬಂದ ದಿನದಿಂದ ಲೆಕ್ಕ ಹಾಕಿದರೆ ಐವತ್ತೆರಡು ವರ್ಷ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಗನ ವಿಷಯ ಹೇಳದೆ ಬಿಟ್ಟರೆ ನನಗೆ ನಿದ್ದೆ ಬಾರದು.

ಗ್ಲೋವರ್ ಅನ್ನೋದು ಜಪಾನಿ ಬಾಯಲ್ಲಿ ಗುರಾಬಾ ಆಗುತ್ತೆ. ಮಗ ಅದನ್ನೇ ಕುರಾಬಾ ಅಂತ ಜಪಾನಿ ಮನೆತನದ ಹೆಸರಾಗಿ ಬರೆಸಿಕೊಂಡ. ನನ್ನ ಹೆಸರೂ ತೆಲುಗು ಪಾಸ್‌ಬುಕ್ಕಿನಲ್ಲಿ ಒಂದು ಥರ, ಕನ್ನಡ ಲಗ್ನಪತ್ರಿಕೆಯಲ್ಲಿ ಇನ್ನೊಂದು ಥರ, ಅದೇನೂ ದೊಡ್ಡದಲ್ಲ. ಕುರಾಬಾ ತೊಮಿಸಾಬುರೊ ಅಮೆರಿಕದಲ್ಲಿ ಓದಿ ನಾಗಸಾಕಿಗೇ ತಿರುಗಿ ಬಂದ. ಉಗಿ ದೋಣಿಯ ಮೀನುಗಾರಿಕೆ ತಂದ. ಆ ಕಡಲಿನಲ್ಲಿ ಸಿಗೋ ಮೀನುಗಳನ್ನು ಒಂದೊಂದಾಗಿ, ಮಾರುಕಟ್ಟೆಯಿಂದ ತರಿಸಿ, ಐವರು ಚಿತ್ರಗಾರರ ಕೈಲಿ ಬರೆಸಿದ. ಇಪ್ಪತ್ತು ವರ್ಷಕ್ಕೂ ಮೇಲಿನ ಕೆಲಸ, ಎಂಟುನೂರರಷ್ಟು ಚಿತ್ರ. ಕಟ್ಟಿಕೊಂಡ ವಾಕಾ ಕೂಡ ಅವನ ಹಾಗೇ ಬ್ರಿಟಿಷ್ ತಂದೆಯ ಮಗಳು.

ಬ್ರಿಟನ್ ಜತೆ ಯುದ್ಧದ ಮೋಡ ಕವಿದಾಗ ಈ ದಂಪತಿಯ ಮೇಲೆ ಸಂಶಯ ಬಿತ್ತು. ತಂದೆಯ ಮನೆಯ ಪಡಸಾಲೆಯಲ್ಲಿ ನಿಂತರೆ ಎದುರಿಗೇ ಮಿತ್ಸುಬಿಷಿ ಹಡಗುಕಟ್ಟೆ. ಅಲ್ಲಿ ಹಗ್ಗದ ಪರದೆ ಕಟ್ಟಿ ಮರೆಮಾಡಿ ಮುಸಾಶಿ ಎಂಬ ಭಾರಿ ಯುದ್ಧನೌಕೆ ಕಟ್ಟುತ್ತಿದ್ದರು. 1939ರಲ್ಲಿ ಆ ಮನೆ ಮಿತ್ಸುಬಿಷಿಗೆ ಹೋಯಿತು. ಮಗ, ಸೊಸೆ ಗುಡ್ಡದ ಕೆಳಗಿನ ಮನೆಗೆ ಇಳಿದರು. ಮಿಲಿಟರಿ ಪೊಲೀಸಿನವರ ಕಣ್ಣು ಹಗಲೂ ರಾತ್ರಿ. 1943ರಲ್ಲಿ ವಾಕಾ ಸತ್ತಳು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬು ಬಿತ್ತು. ಗುಡ್ಡಗಳು ಅಡ್ಡ ಇದ್ದದ್ದರಿಂದ ಆ ಮನೆಗಳು ಉಳಿದವು. ಇನ್ನು ಗೆದ್ದವರು ಬರುತ್ತಾರೆ, ಅವರ ಕಣ್ಣಿಗೆ ಇವನು ಜಪಾನಿನವನು. ಆಗಸ್ಟ್ 26ರಂದು, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಒಂಟಿ ಮನೆಯಲ್ಲಿ ಅವನು ತನ್ನ ಜೀವ ತಾನೇ ತೆಗೆದುಕೊಂಡ.

ತಂದೆ ಪರದೇಶಿಯಾಗಿ ಬಂದು ಆ ಊರಿನವನಾದ. ಆ ಊರಲ್ಲೇ ಹುಟ್ಟಿದ ಮಗನನ್ನು ಯಾರೂ ತಮ್ಮವನು ಅನ್ನಲಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಮೀನಿನ ಚಿತ್ರಗಳು ನಾಗಸಾಕಿ ವಿಶ್ವವಿದ್ಯಾಲಯದಲ್ಲಿ ಜೋಪಾನವಾಗಿವೆ. ಗುಡ್ಡದ ಮೇಲಿನ ಮನೆಯನ್ನು ಮಿತ್ಸುಬಿಷಿ 1957ರಲ್ಲಿ ನಗರಕ್ಕೆ ಬಿಟ್ಟುಕೊಟ್ಟಿತು. 2015ರಲ್ಲಿ ಮನೆ, ಕೊಸುಗೆಯ ಕಟ್ಟೆ, ತಕಾಶಿಮಾ ಗಣಿ ಮೂರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮಗನನ್ನೂ ವಾಕಾಳನ್ನೂ ಮಣ್ಣು ಮಾಡಿದ್ದು ಅದೇ ಸಕಾಮೊಟೊ ಸ್ಮಶಾನದಲ್ಲಿ, ಗ್ಲೋವರ್, ತ್ಸುರು ಇರೋ ಜಾಗದ ಪಕ್ಕದಲ್ಲಿ.